ಕೆರೆಗೆ ಎಷ್ಟು ನೀರು ಬರುತ್ತೆ? ಒಂದೇ ಸಂಖ್ಯೆ ಹೇಳದೆ ಲೆಕ್ಕ ಹಾಕಿದ ನನ್ನ ಅನುಭವ

ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಸಿವಿಲ್ ವಿಭಾಗದ ಪ್ರಾಧ್ಯಾಪಕ. ಜಲವಿಜ್ಞಾನ ಪಾಠ ಮಾಡುತ್ತೇನೆ. ಸಂಶೋಧನೆ ನಮ್ಮ ಬಯಲುಸೀಮೆಯ ಕೆರೆಗಳ ಮೇಲೆ. ಬಹಳ ಕಾಲದಿಂದ ಒಂದೇ ಪ್ರಶ್ನೆ ಹಿಡಿದು ಕೂತಿದ್ದೇನೆ. ಮಳೆ ಎಷ್ಟು ಬಿತ್ತು ಅಂತ ಸರಿಯಾಗಿ ಗೊತ್ತಿಲ್ಲ, ಮಣ್ಣು ಎಷ್ಟು ಕುಡಿಯುತ್ತದೆ ಗೊತ್ತಿಲ್ಲ, ಕೆರೆಯಲ್ಲಿ ಹೂಳು ಎಷ್ಟಿದೆ ಗೊತ್ತಿಲ್ಲ. ಹಾಗಿದ್ದರೂ ಈ ಕೆರೆಗೆ ವರ್ಷಕ್ಕೆ ಇಷ್ಟು ನೀರು ಬರುತ್ತದೆ ಅಂತ ಪ್ರಾಮಾಣಿಕವಾಗಿ ಹೇಳುವುದು ಹೇಗೆ?

ಇದು ಬರೀ ಪೇಪರ್ ಬರೆಯುವ ಪ್ರಶ್ನೆಯಲ್ಲ. ಕೆರೆ ಅಚ್ಚುಕಟ್ಟಿನ ರೈತರು ಭತ್ತ ಹಾಕಬೇಕೋ ರಾಗಿ ಹಾಕಬೇಕೋ ಅನ್ನುವುದು ಇದರ ಮೇಲೆ ನಿಂತಿದೆ. ಊರಿನ ಕುಡಿಯುವ ನೀರಿನ ಯೋಜನೆಗೆ ಪೈಪು ಎಷ್ಟು ದಪ್ಪ ಬೇಕು ಅನ್ನುವುದೂ ಇದರ ಮೇಲೇ. ಹೂಳು ತೆಗೆಸಲು ಲಕ್ಷಗಟ್ಟಲೆ ಖರ್ಚು ಮಾಡಿದ ಮೇಲೆ ಆ ಗುಂಡಿ ತುಂಬುವಷ್ಟು ನೀರು ಬರುತ್ತದಾ ಅಂತ ಮೊದಲೇ ಯಾರಾದರೂ ಕೇಳಬೇಕು, ಅಲ್ವಾ?

ಸಾಮಾನ್ಯವಾಗಿ ಕೆರೆಗೆ ಬರುವ ನೀರು ಅಂತ ವರದಿಯಲ್ಲಿ ಒಂದೇ ಸಂಖ್ಯೆ ಇರುತ್ತದೆ. ದಶಮಾಂಶದ ನಂತರ ಎರಡು ಅಂಕಿ ಬೇರೆ. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಒಂದು ಸಲ ಕೂತು ನೋಡೋಣ.

ನಮ್ಮಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಕರ್ವ್ ನಂಬರ್ ವಿಧಾನ. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ 1950ರ ದಶಕದಲ್ಲಿ ರೂಪಿಸಿದ್ದು. ಮಣ್ಣಿನ ಬಗೆ, ಮೇಲಿನ ಬೆಳೆ, ನೆಲದ ಹಸಿ ನೋಡಿ 0ಯಿಂದ 100ರ ಒಳಗೆ ಒಂದು ಸಂಖ್ಯೆ ಆರಿಸಬೇಕು. ಸಂಖ್ಯೆ ದೊಡ್ಡದಾದಷ್ಟೂ ನೀರು ಇಂಗುವುದು ಕಡಿಮೆ, ಹರಿಯುವುದು ಜಾಸ್ತಿ. 25400ನ್ನು ಆ ಸಂಖ್ಯೆಯಿಂದ ಭಾಗಿಸಿ 254 ಕಳೆದರೆ ನೆಲ ಎಷ್ಟು ಮಿಲಿಮೀಟರ್ ನೀರು ಹಿಡಿಯಬಲ್ಲದು ಅನ್ನುವುದು ಸಿಗುತ್ತದೆ. ಅದರ ಶೇ. 20ರಷ್ಟು ಮೊದಲೇ ಕಳೆದುಹೋಗುತ್ತದೆ, ಉಳಿದದ್ದರಲ್ಲಿ ಒಂದು ಪಾಲು ಹಳ್ಳಕ್ಕೆ ಇಳಿಯುತ್ತದೆ ಅಂತ ಸೂತ್ರ ಹೇಳುತ್ತದೆ.

ಈಗ ಒಂದೇ ದಿನ 60 ಮಿ.ಮೀ. ಮಳೆ ಬಂತು ಅಂತ ಇಟ್ಟುಕೊಳ್ಳಿ. ನಾನು ಕರ್ವ್ ನಂಬರ್ 70 ಅಂದರೆ ಹರಿಯುವ ನೀರು ಸುಮಾರು 10 ಮಿ.ಮೀ. ಪಕ್ಕದಲ್ಲಿ ಕೂತ ಸಹೋದ್ಯೋಗಿ 80 ಅಂದರೆ 20 ಮಿ.ಮೀ. ಇಬ್ಬರ ಬಳಿಯೂ ಇರುವುದು ಅದೇ ಕೋಷ್ಟಕ, ಅದೇ ಮಣ್ಣಿನ ನಕ್ಷೆ. ಜಲಾನಯನ 10 ಚದರ ಕಿ.ಮೀ. ಇದ್ದರೆ ಒಬ್ಬರ ಪ್ರಕಾರ ಕೆರೆಗೆ ಬಂದದ್ದು 1 ಲಕ್ಷ ಘನ ಮೀಟರ್, ಇನ್ನೊಬ್ಬರ ಪ್ರಕಾರ 2 ಲಕ್ಷ.

ಇದೇ ಲೆಕ್ಕವನ್ನು 100 ಮಿ.ಮೀ. ಮಳೆಗೆ ಮಾಡಿ. 70ಕ್ಕೆ ಸುಮಾರು 33, 80ಕ್ಕೆ ಸುಮಾರು 50. ವ್ಯತ್ಯಾಸ ಒಂದೂವರೆ ಪಟ್ಟಿಗೆ ಇಳಿಯಿತು. ಇನ್ನು 30 ಮಿ.ಮೀ. ಮಳೆಗೆ ಮಾಡಿ ನೋಡಿ. 70ಕ್ಕೆ 0.6, 80ಕ್ಕೆ 3.7. ಆರು ಪಟ್ಟು! ನನ್ನ ಇಡೀ ಕೆಲಸಕ್ಕೆ ದಿಕ್ಕು ಕೊಟ್ಟದ್ದು ಈ ಮೂರು ಸಾಲಿನ ಲೆಕ್ಕ. ಮಲೆನಾಡಿನಲ್ಲಿ ದೊಡ್ಡ ಮಳೆ, ಅಲ್ಲಿ ಅಂದಾಜು ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. ಚಳ್ಳಕೆರೆ, ಹಿರಿಯೂರು, ಜಗಳೂರಿನ ಕಡೆ ಬರುವ ಮಳೆಯಲ್ಲಿ ಹೆಚ್ಚಿನದು ಸಣ್ಣದು. ಮಳೆ ಸಣ್ಣದಾದಷ್ಟೂ ಅಂದಾಜಿನ ತಪ್ಪು ದೊಡ್ಡದಾಗುತ್ತದೆ. ಅಂದರೆ ನೀರು ಎಲ್ಲಿ ಕಡಿಮೆಯೋ ಅಲ್ಲೇ ನಮ್ಮ ಲೆಕ್ಕವೂ ಹೆಚ್ಚು ಅಲುಗಾಡುತ್ತದೆ.

ಸೂತ್ರದೊಳಗಿನ ಶೇ. 20 ಕೂಡ ಗಟ್ಟಿಯಲ್ಲ. ನಮ್ಮ ದೇಶದಲ್ಲಿ ಎರೆಮಣ್ಣು ನೆನೆದಿದ್ದರೆ ಶೇ. 10, ಉಳಿದ ಕಡೆ ಶೇ. 30 ಬಳಸುವ ರೂಢಿ ಇದೆ. ಕರ್ವ್ ನಂಬರನ್ನು 75ಕ್ಕೇ ಕಟ್ಟಿಹಾಕಿ ಈ ಒಂದನ್ನು ಮಾತ್ರ ಬದಲಿಸಿದರೂ 60 ಮಿ.ಮೀ. ಮಳೆಗೆ 10 ಮಿ.ಮೀ. ಹರಿವು 19.5 ಮಿ.ಮೀ. ಆಗುತ್ತದೆ. ಮತ್ತೆ ಹತ್ತಿರ ಹತ್ತಿರ ಎರಡು ಪಟ್ಟು.

ನೆಲದ ಹಸಿಯ ಮಾತಂತೂ ಇನ್ನೂ ದೊಡ್ಡದು. ಮಧ್ಯಮ ಹಸಿಯಲ್ಲಿ 75 ಇರುವ ನೆಲ, ಐದಾರು ದಿನ ಒಣಗಿದ್ದರೆ ಕೋಷ್ಟಕದಲ್ಲಿ 57, ಚೆನ್ನಾಗಿ ನೆನೆದಿದ್ದರೆ 88. ಅದೇ 60 ಮಿ.ಮೀ. ಮಳೆ ಒಣ ನೆಲದ ಮೇಲೆ ಬಿದ್ದರೆ ಹರಿಯುವುದು ಸುಮಾರು 2 ಮಿ.ಮೀ. ನೆನೆದ ನೆಲದ ಮೇಲೆ ಬಿದ್ದರೆ 32. ಹಸ್ತ, ಚಿತ್ತೆ ಮಳೆಗೆ ಕೆರೆ ಒಂದೇ ರಾತ್ರಿಯಲ್ಲಿ ತುಂಬುವುದು, ರೋಹಿಣಿ ಮಳೆ ಎಷ್ಟೇ ಜೋರಾಗಿ ಹೊಡೆದರೂ ಕೆರೆಯ ತಳ ನೆನೆಯದಿರುವುದು ಇದಕ್ಕೇ. ದಾವಣಗೆರೆ ಸುತ್ತಿನ ಎರೆಭೂಮಿಯನ್ನು ಬೇಸಿಗೆಯಲ್ಲಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೈ ಇಳಿಯುವಷ್ಟು ಅಗಲದ ಬಿರುಕು. ಮೊದಲ ಮಳೆ ಪೂರ್ತಿ ಆ ಬಿರುಕಿಗೇ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ಅಲ್ಲಿಂದ ಮುಂದೆ ನೀರು ಒಳಗೆ ಇಳಿಯುವುದೇ ಇಲ್ಲ. ಕೋಷ್ಟಕದಲ್ಲಿ ಎರೆಮಣ್ಣಿಗೆ ಒಂದೇ ಗುಂಪು. ಹೊಲದಲ್ಲಿ ಅದು ಜೂನ್‌ನಲ್ಲಿ ಒಂದು ಮಣ್ಣು, ಸೆಪ್ಟೆಂಬರ್‌ನಲ್ಲಿ ಇನ್ನೊಂದು.

ಹೀಗಿರುವಾಗ ಒಂದೇ ಸಂಖ್ಯೆ ಕೊಡುವುದು ನನಗೆ ಸರಿ ಕಾಣಲಿಲ್ಲ. ಹಾಗಂತ 'ಏನೂ ಹೇಳಲಾಗದು' ಅಂತ ಕೈ ಚೆಲ್ಲುವುದೂ ಎಂಜಿನಿಯರ್ ಮಾಡುವ ಕೆಲಸವಲ್ಲ.

ಮೊದಲು ಮಾಡಿದ್ದು ಗೊತ್ತಿಲ್ಲದ್ದನ್ನೆಲ್ಲ ಎರಡು ಗುಂಪು ಮಾಡಿದ್ದು. ಒಂದು, ಪ್ರಕೃತಿಯ ಸ್ವಭಾವದಿಂದಲೇ ಬರುವ ಏರುಪೇರು. ಮುಂದಿನ ವರ್ಷದ ಮಳೆ ಎಷ್ಟು ಅನ್ನುವುದು ನಾನು ಎಷ್ಟೇ ಓದಿದರೂ, ಎಷ್ಟೇ ಅಳೆದರೂ ಗೊತ್ತಾಗುವುದಿಲ್ಲ. ಅದರ ಸಾಧ್ಯತೆ ಮಾತ್ರ ಹೇಳಬಹುದು. ಇನ್ನೊಂದು, ನಾವು ಅಳೆಯದೆ ಬಿಟ್ಟಿದ್ದರಿಂದ ಗೊತ್ತಿಲ್ಲದ್ದು. ಕೆರೆಯ ಹೂಳು, ಮೇಲಿನ ಹಳ್ಳದಲ್ಲಿರುವ ಚೆಕ್ ಡ್ಯಾಂ, ತೂಬಿನ ಸೋರಿಕೆ. ಇವು ಈ ಕ್ಷಣ ನೆಲದ ಮೇಲೆ ಒಂದು ನಿಜವಾದ ಬೆಲೆ ಹೊಂದಿವೆ. ಹೋಗಿ ನೋಡಿದರೆ ಗೊತ್ತಾಗುತ್ತದೆ. ಮೊದಲನೆಯದರ ಜೊತೆ ಬಾಳಬೇಕು, ಎರಡನೆಯದನ್ನು ದುಡಿದು ಕಡಿಮೆ ಮಾಡಬೇಕು. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಎಲ್ಲಿ ದುಡಿಯಬೇಕು ಅನ್ನುವುದೇ ಕಾಣುವುದಿಲ್ಲ.

ಇದನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ವಾಣಿವಿಲಾಸ ಸಾಗರವನ್ನೇ ಎತ್ತಿಕೊಳ್ಳುತ್ತೇನೆ. ನಮ್ಮ ಮಾರಿಕಣಿವೆ. ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡಲಾಗಿ, ಎರಡು ಗುಡ್ಡಗಳ ನಡುವೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ್ದು. 1907ರಲ್ಲಿ ಮುಗಿಯಿತು. ಸಾಮರ್ಥ್ಯ ಸುಮಾರು 30 ಟಿಎಂಸಿ. 1933ರಲ್ಲಿ ಕೋಡಿ ಬಿತ್ತು. ಆಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ. 'ನಮ್ಮ ತಾತ ನೋಡಿದ್ದು, ನಾವು ನೋಡಿದ್ವಿ' ಅಂತ ಜನ ಸಾಲುಗಟ್ಟಿ ಬಂದು ಕಣ್ತುಂಬಿಕೊಂಡರು.

ಈಗ ಯಾರಾದರೂ ಕೇಳಬಹುದು: ಹಾಗಾದರೆ ಇದು 90 ವರ್ಷಕ್ಕೊಮ್ಮೆ ಆಗುವ ಘಟನೆಯಾ? ಇಲ್ಲಿ ಎರಡು ವಿಷಯ ಇದೆ. ನೂರು ವರ್ಷಕ್ಕೊಮ್ಮೆ ಅನ್ನುವ ಮಾತಿನ ಅರ್ಥ ಪ್ರತಿ ವರ್ಷ ನೂರರಲ್ಲಿ ಒಂದು ಪಾಲು ಸಾಧ್ಯತೆ ಅಂತ. ಹಾಗಿದ್ದರೆ ಒಂದು 50 ವರ್ಷದಲ್ಲಿ ಅದು ಒಮ್ಮೆಯಾದರೂ ಆಗುವ ಸಾಧ್ಯತೆ ಸುಮಾರು ಶೇ. 40. ಸರದಿ ಪ್ರಕಾರ ಬರುವುದಲ್ಲ ಅದು. ಎರಡನೆಯ ವಿಷಯ ಇನ್ನೂ ಮುಖ್ಯ. 2025ರ ಜನವರಿಯಲ್ಲಿ ಜಲಾಶಯ ಮತ್ತೆ ಕೋಡಿ ಬಿತ್ತು. ಅಷ್ಟರೊಳಗೆ ಭದ್ರಾ ಮೇಲ್ದಂಡೆ ಯೋಜನೆಯಿಂದ ಭದ್ರೆಯ ನೀರನ್ನು ಎತ್ತಿ ವೇದಾವತಿಗೆ ಹರಿಸುವುದು ಶುರುವಾಗಿತ್ತು. ಅಂದರೆ ಜಲಾಶಯ ಅದೇ, ನೀರಿನ ದಾರಿ ಬೇರೆ. 1907ರಿಂದ ಬರೆದಿಟ್ಟ ನೀರಿನ ಮಟ್ಟದ ದಾಖಲೆ ಎಷ್ಟೇ ಉದ್ದವಿದ್ದರೂ ಅದನ್ನು ಹಾಗೇ ತೆಗೆದುಕೊಂಡು ಮುಂದಿನ ಸಾಧ್ಯತೆ ಲೆಕ್ಕ ಹಾಕುವಂತಿಲ್ಲ. ಹಳೆಯ ದಾಖಲೆ ಹಳೆಯ ವ್ಯವಸ್ಥೆಯದ್ದು. ಸಣ್ಣ ಕೆರೆಗಳಲ್ಲೂ ಇದೇ ಕಥೆ ನಡೆದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈ ಗೊತ್ತಿಲ್ಲದ್ದನ್ನೆಲ್ಲ ಲೆಕ್ಕಕ್ಕೆ ತರಲು ನಾನು ಬಳಸಿದ ವಿಧಾನ ಮಾಂಟೆ ಕಾರ್ಲೊ. ಹೆಸರು ದೊಡ್ಡದು, ಕೆಲಸ ಸರಳ. 1940ರ ದಶಕದಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಸ್ಟಾನಿಸ್ಲಾವ್ ಉಲಾಮ್ ಮತ್ತು ಜಾನ್ ವಾನ್ ನ್ಯೂಮನ್ ನ್ಯೂಟ್ರಾನುಗಳ ಲೆಕ್ಕಕ್ಕೆ ಬಳಸಿದ ದಾರಿ ಇದು. ಪ್ರತಿಯೊಂದು ಗೊತ್ತಿಲ್ಲದ ಬೆಲೆಗೂ ಇಷ್ಟರಿಂದ ಇಷ್ಟರವರೆಗೆ ಅಂತ ಒಂದು ಹರವು ಕೊಡುತ್ತೇವೆ. ಆ ಹರವಿನೊಳಗಿಂದ ಕಂಪ್ಯೂಟರ್ ಒಂದೊಂದು ಬೆಲೆ ಎತ್ತಿಕೊಂಡು ಇಡೀ ವರ್ಷದ ಕೆರೆಯ ಲೆಕ್ಕ ಮಾಡುತ್ತದೆ. ಮಳೆ ಬಂತು, ಇಷ್ಟು ಹರಿಯಿತು, ಇಷ್ಟು ಆವಿಯಾಯಿತು, ಇಷ್ಟು ಇಂಗಿತು, ಇಷ್ಟು ತೂಬಿನಿಂದ ಬಿಟ್ಟರು, ಮಿಕ್ಕಿದ್ದು ಕೋಡಿ. ಹೀಗೆ 10,000 ಸಲ. ಒಂದೊಂದು ಸಲದ ಲೆಕ್ಕವನ್ನು ಒಂದು ಓಟ ಅನ್ನುತ್ತೇನೆ. ಕೊನೆಗೆ ಸಿಗುವುದು 10,000 ಉತ್ತರಗಳ ರಾಶಿ. ಎಷ್ಟು ಉತ್ತರಗಳಲ್ಲಿ ಕೆರೆ ಅರ್ಧಕ್ಕಿಂತ ಜಾಸ್ತಿ ತುಂಬಿತು ಅಂತ ಎಣಿಸಿದರೆ ಅದೇ ಸಾಧ್ಯತೆ. ಪೈಥಾನ್‌ನಲ್ಲಿ ಬರೆದರೆ ವಿದ್ಯಾರ್ಥಿಯ ಲ್ಯಾಪ್‌ಟಾಪ್ ಸಾಕು.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಈ ದಾರಿಗೆ ಬರುವವರೆಲ್ಲ ಇದನ್ನು ಗಮನಿಸಲೇಬೇಕು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವರ್ಷದಲ್ಲಿ 20 ಮಳೆ ಬಂದವು ಅನ್ನಿ. ಕರ್ವ್ ನಂಬರ್ 70ರಿಂದ 80ರ ನಡುವೆ ಎಲ್ಲೋ ಇದೆ. ಪ್ರತಿ ಮಳೆಗೂ ಹೊಸದಾಗಿ ಒಂದೊಂದು ಕರ್ವ್ ನಂಬರ್ ಎತ್ತಿಕೊಂಡರೆ ಏನಾಗುತ್ತದೆ? ಒಂದು ಮಳೆಗೆ 71 ಬರುತ್ತದೆ, ಇನ್ನೊಂದಕ್ಕೆ 79. ಹೆಚ್ಚು ಕಡಿಮೆ ಸೇರಿ ಒಂದನ್ನೊಂದು ಸರಿದೂಗಿಸುತ್ತವೆ. ವರ್ಷದ ಮೊತ್ತ ಎಲ್ಲ ಸಲವೂ ನಡುವಿನ ಒಂದು ಬೆಲೆಯ ಸುತ್ತಲೇ ಬಂದು ಕೂರುತ್ತದೆ. ನಕ್ಷೆ ಬಿಡಿಸಿದರೆ ಹರವು ಎಷ್ಟು ಕಿರಿದಾಗಿರುತ್ತದೆ ಅಂದರೆ, ನಮಗೆ ಎಲ್ಲ ಗೊತ್ತಿದೆ ಅನ್ನಿಸಿಬಿಡುತ್ತದೆ. ಅದು ಸುಳ್ಳು ಧೈರ್ಯ. ನಿಜವಾಗಿ ಆ ಜಲಾನಯನದ ಮಣ್ಣು ಒಂದೇ. 75 ಅಂದುಕೊಂಡಿದ್ದು ವಾಸ್ತವದಲ್ಲಿ 71 ಇದ್ದರೆ ಪ್ರತಿ ಮಳೆಗೂ, ಪ್ರತಿ ವರ್ಷಕ್ಕೂ ನಾವು ಜಾಸ್ತಿಯೇ ಹೇಳುತ್ತಿರುತ್ತೇವೆ. ಮಂಡಿಯಲ್ಲಿ ತಕ್ಕಡಿ ಒಂದು ಕಡೆ ವಾಲಿದ್ದರೆ ನೂರು ಚೀಲ ಮೆಕ್ಕೆಜೋಳ ತೂಗಿದರೂ ತಪ್ಪು ಸರಿಹೋಗುವುದಿಲ್ಲ, ಬೆಳೆಯುತ್ತಾ ಹೋಗುತ್ತದೆ. ಹಾಗಾಗಿ ಕರ್ವ್ ನಂಬರಿನ ಮೂಲ ಬೆಲೆಯನ್ನು ಒಂದು ಓಟಕ್ಕೆ ಒಂದೇ ಸಲ ಎತ್ತಬೇಕು. ನೆಲದ ಹಸಿಯಿಂದ ಆಗುವ ಬದಲಾವಣೆಯನ್ನು ಮಾತ್ರ ಮಳೆಯಿಂದ ಮಳೆಗೆ ಬದಲಿಸಬೇಕು, ಅದೂ ಹಿಂದಿನ ಐದು ದಿನದ ಮಳೆ ನೋಡಿ. ಈ ಒಂದು ಬದಲಾವಣೆ ಮಾಡಿದಾಗ ಹರವು ಕಣ್ಣಿಗೆ ಕಾಣುವಷ್ಟು ಅಗಲವಾಯಿತು. ಅಗಲವಾದದ್ದೇ ಸರಿ.

ಮಳೆಮಾಪಕದ ಲೆಕ್ಕವೂ ಹೀಗೇ. ಸಾದಾ ಮಳೆಮಾಪಕದ ಬಾಯಿ 200 ಚದರ ಸೆಂಟಿಮೀಟರ್. ಜಲಾನಯನ 10 ಚದರ ಕಿ.ಮೀ. ಅಂದರೆ ಅಳೆದದ್ದಕ್ಕಿಂತ 50 ಕೋಟಿ ಪಟ್ಟು ಜಾಗಕ್ಕೆ ನಾವು ಅದರ ಮಾತನ್ನು ಹಚ್ಚುತ್ತಿದ್ದೇವೆ. ಮುಂಗಾರಿನ ಗುಡುಗು ಮಳೆಯಲ್ಲಿ ಹಳ್ಳದ ಈ ದಂಡೆ ನೆನೆದು ಆ ದಂಡೆ ಒಣಗಿರುವುದು ನಮಗೆ ಹೊಸದಲ್ಲ. ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ದಾಖಲಿಸಿ ಕಳಿಸುವ ಮಳೆಮಾಪಕ ಇಟ್ಟಿದೆ. ನಮ್ಮಂಥವರಿಗೆ ಅದು ದೊಡ್ಡ ಉಪಕಾರ. ಅಕ್ಕಪಕ್ಕದ ಪಂಚಾಯಿತಿಗಳ ಮಾಪಕ ಹೋಲಿಸಿ ನೋಡಿದರೆ ಒಂದು ಮಾಪಕದ ಮಾತನ್ನು ಎಷ್ಟು ನಂಬಬಹುದು ಅನ್ನುವುದು ಸಿಗುತ್ತದೆ. ಅದನ್ನೇ ಮಳೆಯ ಹರವಿಗೆ ಬಳಸಿದೆ.

ಆವಿಯಾಗುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆವಿ ಅಳೆಯಲು ಬಯಲಲ್ಲಿ ನೀರು ತುಂಬಿಡುವ ಬಾಣಲೆಯಲ್ಲಿ ಅಳೆದದ್ದನ್ನು 0.7ರಿಂದ ಗುಣಿಸಿ ಕೆರೆಗೆ ಹಚ್ಚುವುದು ರೂಢಿ, ನಾನು 0.6ರಿಂದ 0.8ರ ಹರವು ಕೊಟ್ಟೆ. ಚಿತ್ರದುರ್ಗದ ಗಾಳಿ ಎಂಥದ್ದು ಅಂತ ಜೋಗಿಮಟ್ಟಿ ಸುತ್ತಿನ ಗುಡ್ಡಗಳ ಮೇಲಿನ ಗಾಳಿಯಂತ್ರ ನೋಡಿದರೆ ಗೊತ್ತಾಗುತ್ತದೆ.

ಹೂಳಿನ ಕೆಲಸ ಮಾತ್ರ ಮೈ ಬೆವರಿಳಿಸುವಂಥದ್ದು. ಎಷ್ಟೋ ಕೆರೆಗಳ ಸಾಮರ್ಥ್ಯ ಅಂತ ಕಡತದಲ್ಲಿ ಇರುವುದು ಯಾವುದೋ ಹಳೆಯ ಅಳತೆ. ಕೆರೆಯಲ್ಲಿ ನೀರಿದ್ದರೆ ತೆಪ್ಪ, ಆಳ ಅಳೆಯುವ ಯಂತ್ರ ಎಲ್ಲ ಬೇಕು. ಕೆರೆ ಒಣಗಿದರೆ ಲೆವೆಲ್ ಉಪಕರಣ ಹಿಡಿದು ನಡೆದು ಹೋಗಬಹುದು. 2023ರಲ್ಲಿ ಮುಂಗಾರು ಕೈಕೊಟ್ಟು ಬರ ಬಂದಾಗ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಕೆರೆಗಳ ತಳ ಕಂಡಿತು. ಊರಿನವರಿಗೆ ಅದು ಎಂಥ ಕಷ್ಟದ ಕಾಲ ಅಂತ ಗೊತ್ತಿದ್ದೇ, ಆ ಬೇಸಿಗೆಯಲ್ಲಿ ವಿದ್ಯಾರ್ಥಿಗಳ ಜೊತೆ ಕೆರೆ ತಳವನ್ನು ಮೂಲೆ ಮೂಲೆ ಅಳೆದೆವು. ಯಾವ ಮಟ್ಟಕ್ಕೆ ನೀರು ನಿಂತರೆ ಎಷ್ಟು ಹರಡುತ್ತದೆ, ಎಷ್ಟು ಹಿಡಿಯುತ್ತದೆ ಅನ್ನುವ ರೇಖೆ ಸಿಕ್ಕಿತು. ಈ ರೇಖೆ ಕೈಗೆ ಬಂದ ಮೇಲೆ ಇನ್ನೊಂದು ಬಾಗಿಲು ತೆರೆಯಿತು. ಲ್ಯಾಂಡ್‌ಸ್ಯಾಟ್ ಉಪಗ್ರಹದ ಹಳೆಯ ಚಿತ್ರಗಳು ಉಚಿತವಾಗಿ ಸಿಗುತ್ತವೆ. 2015ರಿಂದ ಸೆಂಟಿನೆಲ್-2 ಉಪಗ್ರಹದ ಚಿತ್ರಗಳೂ ಇವೆ, ಅವುಗಳಲ್ಲಿ 10 ಮೀಟರ್‌ವರೆಗೆ ಸ್ಪಷ್ಟವಾಗಿ ಕಾಣುತ್ತದೆ. ಚಿತ್ರದಲ್ಲಿ ನೀರು ಎಷ್ಟು ಹರಡಿದೆ ಅಂತ ಅಳೆದು ರೇಖೆಗೆ ಹಿಡಿದರೆ ಆ ದಿನ ಕೆರೆಯಲ್ಲಿ ಎಷ್ಟು ನೀರಿತ್ತು ಅಂತ ತಿಳಿಯುತ್ತದೆ. ಒಂದು ಎಚ್ಚರ: ಕೆರೆ ತುಂಬುವ ಮಳೆಗಾಲದಲ್ಲೇ ಮೋಡ ಜಾಸ್ತಿ, ಬೇಕಾದ ದಿನದ ಚಿತ್ರವೇ ಸಿಗುವುದಿಲ್ಲ.

ಆ ಖಾಲಿ ಜಾಗ ತುಂಬಿಸಿದ್ದು ಊರಿನ ಜನ. ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

ಯಾವ ಕಡತದಲ್ಲೂ ಇಲ್ಲದ ಒಂದು ದಾಖಲೆ ಪ್ರತಿ ಕೆರೆಯ ಊರಿನಲ್ಲೂ ಇದೆ. ಕೋಡಿ ಬಿದ್ದ ವರ್ಷಗಳ ನೆನಪು. ನೀರಗಂಟಿಗಳ ಮನೆಯಲ್ಲಿ ಕೇಳಿದರೆ ತೂಬು ಎತ್ತಿದ ವರ್ಷ, ಎತ್ತದ ವರ್ಷ ಒಂದೊಂದಾಗಿ ಹೇಳುತ್ತಾರೆ. ಹೆಂಗಸರಿಗೆ ಇನ್ನೂ ಚೆನ್ನಾಗಿ ನೆನಪಿರುತ್ತದೆ, ಯಾಕೆಂದರೆ ಕೆರೆ ತುಂಬಿದರೆ ಗಂಗೆ ಪೂಜೆ, ಬಾಗಿನ. 'ದೊಡ್ಡ ಮಗಳ ಬಾಣಂತನದ ವರ್ಷ ಕೋಡಿ ಬಿದ್ದಿತ್ತು, ಅದರ ಮುಂದಿನ ವರ್ಷ ಇಲ್ಲ' ಅನ್ನುತ್ತಾರೆ. ಮಗಳ ಮಗುವಿನ ವಯಸ್ಸು ಕೇಳಿದರೆ ಇಸವಿ ಸಿಕ್ಕಿತು. ಎರಡು ಮೂರು ಮನೆಯ ಮಾತು ತಾಳೆಯಾದರೆ ಬರೆದುಕೊಳ್ಳುವುದು. ಸೆಂಟಿಮೀಟರ್ ಲೆಕ್ಕ ಅದರಲ್ಲಿ ಇಲ್ಲ. ಕೋಡಿ ಬಿತ್ತು, ಬೀಳಲಿಲ್ಲ, ಅಷ್ಟೇ. ಆದರೆ ಅಷ್ಟರಲ್ಲೇ ಎಷ್ಟು ಮಾಹಿತಿ ಇದೆ ನೋಡಿ.

10,000 ಓಟಗಳಲ್ಲಿ ಪ್ರತಿ ಓಟಕ್ಕೂ ತನ್ನದೇ ಕರ್ವ್ ನಂಬರ್, ತನ್ನದೇ ಸೋರಿಕೆ ಇದೆ. ಹಿಂದಿನ ವರ್ಷಗಳ ನಿಜವಾದ ಮಳೆ ಕೊಟ್ಟು ಓಡಿಸಿದಾಗ ಪ್ರತಿ ಓಟವೂ ತನ್ನದೊಂದು ಕೋಡಿ ಪಟ್ಟಿ ಕೊಡುತ್ತದೆ. ಊರಿನ ಪಟ್ಟಿಗೆ ಹೊಂದುವ ಓಟಗಳಿಗೆ ಹೆಚ್ಚು ತೂಕ, ಹೊಂದದವಕ್ಕೆ ಕಡಿಮೆ. ಊರಿನವರು ಬೀಳಲಿಲ್ಲ ಅಂದ ವರ್ಷಗಳಲ್ಲೆಲ್ಲ ಕೋಡಿ ಹರಿಸುವ ಓಟ ತಾನಾಗಿ ಹಿಂದೆ ಸರಿಯುತ್ತದೆ. ಹೊಸ ಸುದ್ದಿ ಬಂದಂತೆ ಹಳೆಯ ನಂಬಿಕೆಯನ್ನು ತಿದ್ದಿಕೊಳ್ಳುವ ಈ ಲೆಕ್ಕದ ಬೇರು 1763ರಲ್ಲಿ ಪ್ರಕಟವಾದ ಥಾಮಸ್ ಬೇಯ್ಸ್ ಅವರ ಪ್ರಬಂಧದಲ್ಲಿದೆ. ಜಲವಿಜ್ಞಾನದಲ್ಲಿ 1992ರಲ್ಲಿ ಕೀತ್ ಬೆವೆನ್ ಮತ್ತು ಆಂಡ್ರ್ಯೂ ಬಿನ್ಲಿ ಇದಕ್ಕೆ ಹತ್ತಿರದ ಒಂದು ವಿಧಾನ ಕೊಟ್ಟರು. ಸರಿಯಾದ ಮಾದರಿ ಒಂದೇ ಅಂತ ಹಟ ಹಿಡಿಯುವುದು ಬೇಡ, ಕಂಡದ್ದಕ್ಕೆ ಹೊಂದುವ ಹಲವು ಮಾದರಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ ಅನ್ನುವುದು ಅದರ ತಿರುಳು. ನಾನು ನಡೆದದ್ದು ಆ ದಾರಿಯಲ್ಲೇ. ಒಬ್ಬ ಅಜ್ಜಿಯ ನೆನಪು ಕರ್ವ್ ನಂಬರಿನ ಹರವನ್ನು ಕಿರಿದು ಮಾಡುವುದನ್ನು ಪರದೆಯ ಮೇಲೆ ನೋಡಿದಾಗ ನನಗಾದ ಸಂತೋಷ ಯಾವ ಪೇಪರ್ ಅಚ್ಚಾದಾಗಲೂ ಆಗಿಲ್ಲ.

ಹಾಗೆ ಕಿರಿದು ಮಾಡಿದ ಮೇಲೂ ಹೊಸ ವರ್ಷಗಳಲ್ಲಿ ಲೆಕ್ಕ ಹೊಂದದ ಕೆರೆಗಳು ಇದ್ದವು. ಹಳೆಯ ಕೋಡಿ ವರ್ಷಗಳಿಗೆ ಚೆನ್ನಾಗಿ ಹೊಂದಿದ ಓಟಗಳೇ ಈಚಿನ ವರ್ಷಗಳಲ್ಲಿ 'ಕೋಡಿ ಬೀಳಬೇಕಿತ್ತು' ಅನ್ನುತ್ತಿದ್ದವು. ಮಳೆ ಸಾಕಷ್ಟು ಬಂದಿದೆ, ಕೆರೆ ತುಂಬಿಲ್ಲ. ಉತ್ತರ ಹಳ್ಳದ ಮೇಲ್ಭಾಗದಲ್ಲಿತ್ತು. ಚೆಕ್ ಡ್ಯಾಂ, ಗೋಕಟ್ಟೆ, ಕೃಷಿ ಹೊಂಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲ ಹೊಲದಲ್ಲಿ ಹೊಂಡಗಳಾದವು. ಒಂದೊಂದೂ ಸಣ್ಣದು. ಎಲ್ಲ ಸೇರಿದರೆ ಸಣ್ಣ ಮಳೆಯ ಹರಿವನ್ನು ಪೂರ್ತಿ ಹಿಡಿದುಕೊಳ್ಳಬಲ್ಲವು. ನಮ್ಮ ಕಡೆ ಬರುವುದು ಸಣ್ಣ ಮಳೆಗಳೇ ಅಂತ ಆಗಲೇ ಹೇಳಿದೆನಲ್ಲ. ವಾಣಿವಿಲಾಸ ಸಾಗರಕ್ಕೆ ಹೊರಗಿನ ನೀರು ಬಂದು ಹಳೆಯ ದಾಖಲೆ ಮಾತು ಬದಲಿಸಿತು. ಇಲ್ಲಿ ಮೇಲಿನ ನೀರು ನಿಂತು ಬದಲಿಸಿತು.

ವಿದ್ಯಾರ್ಥಿಗಳು ಹಳ್ಳದ ಗುಂಟ ನಡೆದು ಪ್ರತಿ ಕಟ್ಟೆಯ ಉದ್ದ, ಎತ್ತರ, ಹೂಳು ಬರೆದುಕೊಂಡರು. ಕೆಲವು ಕಟ್ಟೆ ಹೂಳು ತುಂಬಿ ನೆಲಸಮ, ನೀರು ಹಿಡಿಯುವುದೇ ಇಲ್ಲ. ಕೆಲವು ಕಾಗದದಲ್ಲಿ ಇಲ್ಲ, ಹಳ್ಳದಲ್ಲಿವೆ, ಚೆನ್ನಾಗಿ ಹಿಡಿಯುತ್ತವೆ. ಈ ಪಟ್ಟಿ ಮಾದರಿಗೆ ಸೇರಿದ ಮೇಲೆ ಈಚಿನ ವರ್ಷಗಳೂ ಬಹುಮಟ್ಟಿಗೆ ಹೊಂದಿಕೊಂಡವು. ನನ್ನ ಕೆಲಸದಿಂದ ನಾನು ಕಂಡುಕೊಂಡದ್ದು ಇದನ್ನೇ. ಅನಿಶ್ಚಿತತೆಯನ್ನು ಲೆಕ್ಕಕ್ಕೆ ತಂದಾಗ ಮಾದರಿ ನಮಗೆ ಉತ್ತರದ ಜೊತೆಗೆ ಮುಂದೆ ಏನನ್ನು ಅಳೆಯಬೇಕು ಅನ್ನುವುದನ್ನೂ ಹೇಳುತ್ತದೆ. ಒಂದೇ ಸಂಖ್ಯೆಯ ವರದಿ ಅದನ್ನು ಎಂದೂ ಹೇಳಲಾರದು. ಹೊಸ ದುಬಾರಿ ಸಾಫ್ಟ್‌ವೇರ್ ಕೊಂಡಿದ್ದರೆ ಆ ಕೆರೆಗಳ ವಿಷಯದಲ್ಲಿ ನಮಗೆ ಏನೂ ಸಿಗುತ್ತಿರಲಿಲ್ಲ. ಹಳ್ಳದಲ್ಲಿ ನಡೆದದ್ದಕ್ಕೆ ಸಿಕ್ಕಿತು.

ಉತ್ತರವನ್ನು ಜನರಿಗೆ ಹೇಳುವುದು ಹೇಗೆ? ಸಂಭವನೀಯತೆ, ವಿಶ್ವಾಸ ಮಿತಿ ಅಂತೆಲ್ಲ ಅಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಕೆರೆ ಬಳಕೆದಾರರ ಸಭೆಯಲ್ಲಿ ನಾನು ಹೀಗೆ ಹೇಳುತ್ತೇನೆ: 'ಹತ್ತು ವರ್ಷದಲ್ಲಿ ಏಳೆಂಟು ವರ್ಷ ಕೆರೆ ಇಷ್ಟು ಮಟ್ಟಕ್ಕಾದರೂ ಬರುತ್ತದೆ. ಎರಡು ಮೂರು ವರ್ಷ ಇದಕ್ಕಿಂತ ಕೆಳಗೆ.' ಏರಿಯ ಕಲ್ಲಿನ ಮೇಲೆ ಆ ಮಟ್ಟ ತೋರಿಸುತ್ತೇನೆ. ರೈತರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಶೇಂಗಾದ ನಡುವೆ ತೊಗರಿ ಅಕ್ಕಡಿ ಹಾಕುವವರು ಅನಿಶ್ಚಿತತೆಯ ಜೊತೆ ತಲೆತಲಾಂತರದಿಂದ ವ್ಯವಹಾರ ಮಾಡಿದವರು. 'ಹಂಗಾದ್ರೆ ಕೆಳಗಿನ ಗದ್ದೆಗೆ ಮಾತ್ರ ಭತ್ತ, ಮೇಲಿನೋರು ರಾಗಿ ಹಾಕ್ಕೊಳ್ಳಲಿ' ಅಂತ ಅವರೇ ಮಾತು ಮುಗಿಸುತ್ತಾರೆ.

ಕಷ್ಟ ಆಗುವುದು ಅಂದಾಜು ಪಟ್ಟಿ ತಯಾರಿಸುವ ಕಚೇರಿಗಳಲ್ಲಿ. ಅಲ್ಲಿನ ನಮೂನೆಯಲ್ಲಿ ಒಂದೇ ಖಾನೆ ಇರುತ್ತದೆ. ಅದರಲ್ಲಿ ಹರವು ಬರೆಯಲು ಜಾಗವಿಲ್ಲ. ಅಲ್ಲಿಯ ಎಂಜಿನಿಯರುಗಳಿಗೆ ನಾನು ನೆನಪಿಸುವುದು ಇಷ್ಟೇ: ಹರವು ನಮ್ಮ ವೃತ್ತಿಗೆ ಹೊಸದಲ್ಲ. ತುಂಗಭದ್ರೆ, ವೇದಾವತಿ ಎರಡೂ ಕೃಷ್ಣೆಯ ಕಣಿವೆಗೆ ಸೇರಿದವು. ಬಚಾವತ್ ನ್ಯಾಯಮಂಡಳಿ 1973ರಲ್ಲಿ ಕೃಷ್ಣೆಯ ನೀರು ಹಂಚಿದ್ದು ನಾಲ್ಕರಲ್ಲಿ ಮೂರು ವರ್ಷ ಸಿಗುವ ನೀರಿನ ಮೇಲೆ, ಅಂದರೆ ಶೇ. 75ರ ಭರವಸೆಯ ಮೇಲೆ. ಅದು 2060 ಟಿಎಂಸಿ. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಶೇ. 65ರ ಭರವಸೆ ತೆಗೆದುಕೊಂಡಾಗ ಲೆಕ್ಕ 2293 ಟಿಎಂಸಿ ಆಯಿತು. ಎಷ್ಟು ವರ್ಷದ ಕೊರತೆಯನ್ನು ನಾವು ಸಹಿಸಿಕೊಳ್ಳಲು ಸಿದ್ಧ ಅನ್ನುವ ತೀರ್ಮಾನವೇ ಆ ಸಂಖ್ಯೆಯಲ್ಲಿ ಅಡಗಿದೆ. ಕೆರೆಯ ಲೆಕ್ಕದಲ್ಲೂ ಆ ತೀರ್ಮಾನ ಇದ್ದೇ ಇರುತ್ತದೆ. ಅದನ್ನು ಬಚ್ಚಿಡದೆ ಬರೆಯೋಣ, ನೀರಾವರಿಗೆ ಒಂದು ಮಟ್ಟ, ಕುಡಿಯುವ ನೀರಿಗೆ ಇನ್ನೂ ಹೆಚ್ಚಿನ ಭರವಸೆಯ ಮಟ್ಟ ಬೇರೆಯಾಗಿ ಹೇಳೋಣ ಅನ್ನುವುದು ನನ್ನ ವಾದ. ಕೆಲವರು ಒಪ್ಪಿದ್ದಾರೆ. ವರದಿಯ ಕೊನೆಯಲ್ಲಿ ಒಂದು ಪುಟ ಹರವಿಗೆ ಮೀಸಲಿಡುವಷ್ಟು ದೂರ ಬಂದಿದ್ದೇವೆ.

ಈಗ ನಮ್ಮ ಮುಂದಿರುವ ದೊಡ್ಡ ಪ್ರಶ್ನೆ ಇಂಗುವಿಕೆ. ಕೆರೆಯ ಲೆಕ್ಕದಲ್ಲಿ ಅದು ನಷ್ಟ, ಕೆಳಗಿನ ಬೋರ್‌ವೆಲ್ ಲೆಕ್ಕದಲ್ಲಿ ಲಾಭ. ಹೊಳಲ್ಕೆರೆ, ಚನ್ನಗಿರಿ ಕಡೆಯ ಅಡಿಕೆ ತೋಟದವರು ಕೆರೆ ನೀರನ್ನು ತೂಬಿನಿಂದ ಬಿಡುವುದಕ್ಕಿಂತ ಇಂಗಲಿ ಅಂತಲೇ ಬಯಸುತ್ತಾರೆ. ಆದರೆ ಆವಿಯಾಗಿ ಹೋಗುವ ನೀರನ್ನೂ ಇಂಗುವ ನೀರನ್ನೂ ಬೇರ್ಪಡಿಸುವುದು ಸುಲಭವಲ್ಲ. ಎರಡರಲ್ಲೂ ನೀರಿನ ಮಟ್ಟ ಇಳಿಯುತ್ತದೆ, ಅಷ್ಟೇ ಕಾಣುತ್ತದೆ. ಇದಕ್ಕೆ ಒಂದು ಹಳೆಯ ಉಪಾಯ ಇದೆ. ರಾತ್ರಿ ಗಾಳಿ ನಿಂತಾಗ ಆವಿಯಾಗುವುದು ತೀರಾ ಕಡಿಮೆ. ತೂಬು ಮುಚ್ಚಿ, ಸಂಜೆ ಒಮ್ಮೆ, ಬೆಳಗಿನ ಜಾವ ಒಮ್ಮೆ ಮಟ್ಟ ನೋಡಿದರೆ ಆ ಇಳಿತ ಬಹುಪಾಲು ಇಂಗಿದ್ದು. ಹಗಲಿನ ಇಳಿತದಿಂದ ಅದನ್ನು ಕಳೆದರೆ ಆವಿಯಾದದ್ದು. ಆ ಇಳಿತ ಕೆಲವೇ ಮಿಲಿಮೀಟರ್. ಅಲೆಯಲ್ಲಿ ಕಣ್ಣಳತೆ ಸಾಲದು. ಅದಕ್ಕೆ ತೂಬಿನ ಕಲ್ಲುಕಂಬಕ್ಕೆ ಒಂದು ಪೈಪು ಕಟ್ಟಿ, ಅದರೊಳಗೆ ನೀರಿನ ಒತ್ತಡ ದಾಖಲಿಸುವ ಸಣ್ಣ ಉಪಕರಣ ಇಳಿಬಿಡುತ್ತಿದ್ದೇವೆ. ಹಿಂಗಾರು ಮುಗಿದು ಕೆರೆಗೆ ಹೊಸ ನೀರು ಬರುವುದು ನಿಂತ ಮೇಲೆ, ಡಿಸೆಂಬರ್‌ನಿಂದ ಈ ಅಳತೆ ಶುರು. ನಿಮ್ಮ ಊರಿನ ಕೆರೆಯಲ್ಲೂ ಇದನ್ನು ಮಾಡಬೇಕು ಅಂತ ಇದ್ದರೆ ಉಪಕರಣಕ್ಕೆ ಕಾಯಬೇಡಿ. ಈ ಚಳಿಗಾಲದಲ್ಲಿ ಮನೆ ಮನೆಗೆ ಹೋಗಿ ಕೋಡಿ ಬಿದ್ದ ವರ್ಷಗಳ ಪಟ್ಟಿ ಬರೆದುಕೊಳ್ಳಿ. ಹೇಳುವ ಹಿರಿಯರು ಇನ್ನೂ ಇದ್ದಾರೆ.